ಚಾತಿ ಯಾರ ಜೊತೆ ಮಾತಾಡುತ್ತಿದ್ದರು?

"ಎಡಕ್ಕೆ ಕಲ್ಲು. ಮುಂದೆ ವಳವು. ವಳವಿನಾಚೆ ಲಾರಿ ಸದ್ದು ಅದೆ. ನಿಧಾನ."

ಕರ್ನಾಟಕದ ಗಡಿ ದಾಟಿದರೆ ಸಿಗುವ ಬಾವಲಿ ಊರಿನ ಕಾಡಂಚಿನ ರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಳವು ಎಂದರೆ ತಿರುವು. ಅದರ ಮಂಜಿನೊಳಗಿಂದ ಮೊದಲು ಈ ದನಿ ಬರುತ್ತದೆ, ಆಮೇಲೆ ಬೈಕಿನ ದೀಪ, ಕೊನೆಗೆ ಚಾತಿ. ನಲವತ್ತರ ಆಸುಪಾಸಿನ ಸಣ್ಣ ಮೈಕಟ್ಟಿನ ಹೆಂಗಸು. ಚೂಡಿದಾರದ ಮೇಲೆ ಗಂಡನ ಹಳೇ ಶರ್ಟು, ತಲೆಗೆ ಪಟ್ಟಿ ಬಿಗಿದ ಹೆಲ್ಮೆಟ್ಟು. ಬೈಕಿನ ಎರಡೂ ಪಕ್ಕ ಕಬ್ಬಿಣದ ಚೌಕಟ್ಟಿನಲ್ಲಿ ಹಾಲಿನ ಕ್ಯಾನುಗಳು ತೂಗುತ್ತಿವೆ. ಹಿಂದಿನ ಸೀಟಿನಲ್ಲಿ ಯಾರೂ ಇಲ್ಲ, ಕಿವಿಯಲ್ಲಿ ಏನೂ ಇಲ್ಲ. ಆದರೂ ಬಾಯಿ ನಿಂತಿಲ್ಲ.

"ಬಲಕ್ಕೆ ನಾಯಿ. ಅದರ ಹಿಂದೆ ಮರಿ ಇರ್ಬೌದು."

ಮರಿ ಇದೆ. ಅದು ದಾಟುವವರೆಗೆ ಕಾದು ಚಾತಿ ಮುಂದೆ ಹೋಗುತ್ತಾರೆ.

ಕಾಡಿನ ಮಗ್ಗುಲಿನ ಮನೆಗಳಿಗೆ ಹಾಲಿನ ವ್ಯಾನು ಬರುವುದಿಲ್ಲ. ಆ ದಾರಿಯಲ್ಲಿ ಜೀಪು ಹೋಗುವುದೇ ಕಷ್ಟ. ಅಲ್ಲಿ ಹಸು ಸಾಕಿದ ರೈತರ ಮನೆಗಳಿಂದಲೂ ತಮ್ಮ ಬುಡಕಟ್ಟಿನ ಹಾಡಿಯ ನಾಲ್ಕಾರು ಮನೆಗಳಿಂದಲೂ ಹಾಲು ತುಂಬಿಸಿಕೊಂಡು ಪೇಟೆಯ ಸೊಸೈಟಿಗೆ ಮುಟ್ಟಿಸುವವರು ಚಾತಿ. ದಿನವೂ ಸುಮಾರು ಅರವತ್ತು ಲೀಟರು. ಅಷ್ಟು ಹಾಲು ಹೊತ್ತ ಬೈಕು ನಾವು ಅಂದುಕೊಂಡಲ್ಲಿ ನಿಲ್ಲುವುದಿಲ್ಲ. ಗಕ್ಕನೆ ಬ್ರೇಕು ಒತ್ತಿದರೆ ಕ್ಯಾನಿನೊಳಗೆ ಹಾಲು ಮುಂದಕ್ಕೆ ನುಗ್ಗಿ ಗಾಡಿಯನ್ನೇ ಎಳೆದುಬಿಡುತ್ತದೆ. ಹಾಗಾಗಿ ಬ್ರೇಕಿಗಿಂತ ಮೊದಲು ಕಣ್ಣು ಕೆಲಸ ಮಾಡಬೇಕು.

"ಬಾಯಲ್ಲಿ ಹೇಳ್ಬೇಕು ಸಾರೇ. ಹೇಳ್ದೇ ಇದ್ರೆ ಕಣ್ಣು ನೋಡ್ತಾನೇ ಇರ್ತದೆ, ಮನ್ಸು ಮನೇಗೆ ಹೋಯ್ತದೆ," ಎಂದು ನನಗೆ ಹೇಳುತ್ತಾರೆ ಅವರು.

ಇದು ಯಾವ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತದ್ದೂ ಅಲ್ಲ. ಚಾತಿಯ ಹಾಡಿಯವರು ಗೆಣಸಿಗೋ ಜೇನಿಗೋ ಕಾಡಿಗೆ ಹೋಗುವಾಗ ಸಾಲಾಗಿ ನಡೆಯುತ್ತಾರೆ. ಮುಂದೆ ನಡೆಯುವವರು ಕಂಡದ್ದನ್ನೆಲ್ಲ ಹೇಳುತ್ತಾ ಹೋಗಬೇಕು. ಆನೆ ಲದ್ದಿ, ಬಿಸಿ ಅದೆ. ಕೊಂಬೆ ಮುರ್ದದೆ. ಇಲ್ಲಿ ಜಾರ್ತದೆ. ಹಿಂದಿನವರು ಒಬ್ಬೊಬ್ಬರೂ ಹೂಂ ಅನ್ನಬೇಕು. ಹೂಂ ಬಾರದಿದ್ದರೆ ಮುಂದಿನವರು ನಿಂತು ತಿರುಗಿ ನೋಡುತ್ತಾರೆ. ಚಿಕ್ಕವಳಿದ್ದಾಗ ಚಾತಿ ಅಜ್ಜಿಯ ಬೆನ್ನ ಹಿಂದೆ ಹೂಂಗುಡುತ್ತಲೇ ಕಾಡು ಕಲಿತರು. ಕೈಗೆ ಬೈಕು ಬಂದಾಗ ಆ ಅಭ್ಯಾಸವೂ ಹತ್ತಿ ಕೂತಿತು.

ಹಾಲಿನ ಕೆಲಸ ಮೊದಲು ಗಂಡ ಬೈರನದಾಗಿತ್ತು. ಒಳ್ಳೆಯ ಮನುಷ್ಯ, ಆದರೆ ಜೇನು ಕೊಯ್ಯುವವನ ಕಣ್ಣು. ಬೈಕು ರಸ್ತೆಯಲ್ಲಿ, ಕಣ್ಣು ಮರದ ತುದಿಯಲ್ಲಿ. ಹೆಜ್ಜೇನು ನೋಡುತ್ತಾ ಎರಡು ಸಲ ಕ್ಯಾನಿನ ಸಮೇತ ಚರಂಡಿಗಿಳಿದ ಮೇಲೆ ಹೆಂಡತಿ ಬೀಗದಕೈ ಕಿತ್ತುಕೊಂಡರು. "ಅವಳು ಓಡ್ಸೋದೇ ವಾಸಿ. ನಾ ಹಿಂದೆ ಕೂತ್ರೆ ಮರ ನೋಡ್ಬೌದು," ಎಂದು ಬೈರ ನಗುತ್ತಾನೆ.

ನಗುವಿನ ಕತೆ ಇಲ್ಲಿಗೆ ಮುಗಿಯಿತು.

ಗಡಿಯಾಚೆ ಕರ್ನಾಟಕದ ಕಾಡಿನ ಗೇಟು ರಾತ್ರಿಯೆಲ್ಲ ಮುಚ್ಚಿರುತ್ತದೆ. ಬೆಳಗ್ಗೆ ತೆಗೆದದ್ದೇ ತಡ, ಕಾದು ಬೇಸತ್ತ ತರಕಾರಿ ಲಾರಿ, ರೆಸಾರ್ಟಿಗೆ ಹೊರಟ ಕಾರು, ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ ಕಟ್ಟಿಕೊಂಡ ಬೈಕುಗಳ ಗುಂಪು ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಕಾಡಿನೊಳಗೆ ಆನೆಗೆ ಹೆದರಿ ಮೆಲ್ಲಗೆ ಬಂದವರು ಬಾವಲಿ ಸೇತುವೆ ದಾಟಿದ ಕೂಡಲೇ ಕಳೆದ ಹೊತ್ತನ್ನೆಲ್ಲ ಇಲ್ಲಿ ವಸೂಲಿಗೆ ಹೊರಡುತ್ತಾರೆ. ಆನೆಗೆ ಕೊಟ್ಟ ಮರ್ಯಾದೆ ಈ ರಸ್ತೆಯ ಮನುಷ್ಯರಿಗಿಲ್ಲ. ಸರಿಯಾಗಿ ಆ ಹೊತ್ತಿಗೇ ಚಾತಿ ಹಾಲು ತುಂಬಿಸಿಕೊಂಡು ಅದೇ ರಸ್ತೆಗೆ ಇಳಿಯಬೇಕು. ತಡವಾದರೆ ಸೊಸೈಟಿಯ ಲಾರಿ ಹೊರಟುಬಿಡುತ್ತದೆ.

ಕಳೆದ ತಿಂಗಳು ಒಂದು ಬೆಳಗ್ಗೆ ಚಾತಿಯ ಬೆನ್ನಿಗೆ ಒಂದು ಬಿಳಿ ಕಾರು ಅಂಟಿಕೊಂಡಿತು. ಬಾವಲಿಯ ರೈತ ಚಿಕ್ಕಮಾದು ಅವರ ಹಸು ರಸ್ತೆಯ ಎಡಕ್ಕಿತ್ತು, ಅದರ ಕರು ಬಲಕ್ಕಿತ್ತು. ಹಸು ಏನು ಮಾಡುತ್ತದೆಂದು ಹಳ್ಳಿಯ ಯಾರಿಗೂ ಗೊತ್ತು. "ಎಡಕ್ಕೆ ಹಸ, ಬಲಕ್ಕೆ ಕರ. ದಾಟ್ತದೆ. ನಿಧಾನ," ಎನ್ನುತ್ತಾ ಚಾತಿ ಎಡಗೈ ಚಾಚಿ, ಮೆಲ್ಲಗೆ ಎಂದು ಹಿಂದಿನವರಿಗೆ ಸನ್ನೆ ಮಾಡಿ ವೇಗ ತಗ್ಗಿಸಿದರು. ಕಾರಿನವನು ಹಾರ್ನ್ ಒತ್ತಿದ. ಮತ್ತೂ ಒತ್ತಿದ. ಆಮೇಲೆ ಗುದ್ದಿದ.

ಹಸುವಿಗೆ ಏನೂ ಆಗಲಿಲ್ಲ. ಹಾಲೆಲ್ಲ ಡಾಂಬರಿನ ಮೇಲೆ ಹರಿಯಿತು. ಚಾತಿಯ ಭುಜ ಊದಿತು, ಇವತ್ತಿಗೂ ಎಡಗೈ ಪೂರ್ತಿ ಮೇಲೇಳುವುದಿಲ್ಲ. ಹಿಂದೆ ಬಂದ ಗಾಡಿಗಳವರು ಇಳಿದು ಹರಿದ ಹಾಲಿನ ವಿಡಿಯೋ ಮಾಡಿಕೊಂಡರು. ಬಿದ್ದವರಿಗೆ ನೀರು ಕೊಟ್ಟವರು ಚಿಕ್ಕಮಾದು ಒಬ್ಬರೇ.

ಸ್ಟೇಷನ್ನಿನಲ್ಲಿ ಕಾರಿನವನು ಹೇಳಿದ್ದು ಇಷ್ಟು: ಈ ಹೆಂಗಸು ಫೋನಿನಲ್ಲಿ ಮಾತಾಡುತ್ತಾ ಬೈಕು ಓಡಿಸುತ್ತಿದ್ದಳು. ಬಾಯಿ ಆಡುವುದು ಅವಳ ಕನ್ನಡಿಯಲ್ಲಿ ಕಾಣಿಸುತ್ತಿತ್ತು. ಒಂದು ಕೈಯನ್ನೂ ಬಿಟ್ಟಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟಳು.

ಮುಂದೆ ಹೋಗುವ ಬೈಕಿನ ಅಂಗೈಯಗಲದ ಕನ್ನಡಿಯಲ್ಲಿ ಒಬ್ಬರ ತುಟಿ ಆಡುವುದು ಕಾಣಬೇಕಾದರೆ ಹಿಂದಿನ ಕಾರು ಎಷ್ಟು ಹತ್ತಿರ ಇರಬೇಕು? ಸ್ಟೇಷನ್ನಿನಲ್ಲಿ ಯಾರೂ ಕೇಳಲಿಲ್ಲ. ಇವನು ರಸ್ತೆ ನೋಡುತ್ತಿದ್ದನೋ, ಮುಂದಿನವರ ಮುಖ ನೋಡುತ್ತಿದ್ದನೋ? ಅದನ್ನೂ ಕೇಳಲಿಲ್ಲ. ಕಾರಿನವನಿಗೆ ಕುರ್ಚಿ ಸಿಕ್ಕಿತು. ಚಾತಿ ಊದಿದ ಭುಜ ಹಿಡಿದುಕೊಂಡು ಗೋಡೆಗೆ ಒರಗಿ ನಿಂತರು. ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: ಯಾರ ಜೊತೆ ಮಾತಾಡುತ್ತಿದ್ದೆ?

"ಫೋನಲ್ಲ ಸಾರೇ, ಹೇಳ್ಕಂಡು ಓಡಿಸ್ತೀನಿ ಅಂದೆ. ಯಾರಿಗೆ ಹೇಳ್ತೀಯ ಅಂದ್ರು. ನೋವಲ್ಲಿ ನಂಗೆ ಮಲಯಾಳವೂ ಬರ್ನಿಲ್ಲ, ನಮ್ಮ ಮಾತೂ ಬರ್ನಿಲ್ಲ. ಎಲ್ರೂ ನಗಾಡಿದ್ರು."

ಆ ಬೆಳಗ್ಗೆ ಚಾತಿಯ ಫೋನು ಮನೆಯಲ್ಲಿ ಚಾರ್ಜಿಗಿತ್ತು. ಬೈರ ಹೋಗಿ ಹೇಳಿದ. ಗಂಡ ಹೆಂಡತಿ ಪರ ಹೇಳದೆ ಇನ್ನೇನು ಎಂದರು. ಆ ಹೊತ್ತಿನಲ್ಲಿ ಆ ಫೋನಿನಿಂದ ಕರೆ ಹೋಗಿದೆಯೇ ಎಂದು ಕಂಪನಿಯನ್ನು ವಿಚಾರಿಸಿದರೆ ಮುಗಿದುಹೋಗುವ ಮಾತು ಇದು. ಯಾರಿಗೂ ಪುರಸೊತ್ತಿಲ್ಲ. ಹಾಡಿಯ ಹೆಂಗಸು, ಬೈಕು ಬೇರೆ ಓಡಿಸುತ್ತಾಳೆ, ತಪ್ಪು ಅವಳದೇ ಇರಬೇಕು. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಕುತ್ತಿಗೆಗೆ ಬಂದದ್ದು ಮಾತ್ರ ಚಿಕ್ಕಮಾದು ಹೇಳಿದ ನಿಜ. ಆ ಮುದುಕ ಒಂದು ಸುಳ್ಳೂ ಆಡುವವರಲ್ಲ. "ಅವಳು ಮಾತಾಡ್ತಿದ್ಲಾ ಅಂತ ಕೇಳಿದ್ರು. ಹೌದು ಅಂದೆ," ಎನ್ನುತ್ತಾರೆ ಈಗ. "ದಿನಾ ಮಾತಾಡ್ತಾಳಲ್ಲ, ಅದೇನು ತಪ್ಪಾ ಅನ್ಕಂಡೆ. ಯಾಕೆ ಮಾತಾಡ್ತಾಳೆ ಅಂತ ಕೇಳಿದ್ರೆ ಅದನ್ನೂ ಹೇಳ್ತಿದ್ದೆ. ಕೇಳ್ನೇ ಇಲ್ಲ." ಚಾತಿಗೆ ಅವರ ಮೇಲೆ ಸಿಟ್ಟಿಲ್ಲ. ಅವರ ಮನೆಯ ಹಾಲನ್ನು ಒಂದು ದಿನವೂ ಬಿಟ್ಟು ಬಂದಿಲ್ಲ.

ಈಗ ಸಾರಿಗೆ ಕಚೇರಿಯಿಂದ ಕರೆ ಬಂದಿದೆ. ಬರುವ ಬುಧವಾರ ವಿಚಾರಣೆ. ಫೋನಿನಲ್ಲಿ ಮಾತಾಡುತ್ತಿದ್ದೆ ಎಂದು ಒಪ್ಪಿಕೊಂಡು ದಂಡ ಕಟ್ಟಿದರೆ ಲೈಸೆನ್ಸ್ ಉಳಿಯುತ್ತದೆ, ಒಪ್ಪದಿದ್ದರೆ ಕೆಲವು ತಿಂಗಳಿಗೆ ಕಿತ್ತುಕೊಳ್ಳಬಹುದು ಎಂದು ಎಲ್ಲರೂ ಹೇಳುತ್ತಿದ್ದಾರೆ. ಲೈಸೆನ್ಸ್ ಹೋದರೆ ಚಾತಿಯ ಕೆಲಸ ಹೋಯಿತು. ಒಳಗಿನ ಮನೆಗಳ ಹಾಲು ಒಳಗೇ ಉಳಿಯಿತು. ಸೊಸೈಟಿಯಲ್ಲಿ ಹಾಲು ಅಳೆಯುವ ಶೀಜ ಒಳ್ಳೆಯ ಮನಸ್ಸಿನಿಂದಲೇ, ಅಕ್ಕ ಎಂಬ ಸಲಿಗೆಯಲ್ಲಿ ಹೇಳುತ್ತಾರೆ: "ಒಪ್ಕೊಂಡು ಬಂದ್ಬಿಡಿ ಚೇಚಿ. ಅವರ ಜೊತೆ ಹಟ ಬೇಡ. ಅಲ್ಲೀವರೆಗೆ ಬಾಯಿ ಮುಚ್ಚಿ ಓಡ್ಸಿ."

ಬಾಯಿ ಮುಚ್ಚಿ ಓಡಿಸುವುದನ್ನು ಚಾತಿ ಒಂದು ದಿನ ಮಾಡಿ ನೋಡಿದರು. ತುಟಿ ಕಚ್ಚಿಕೊಂಡು ಪೇಟೆಯವರೆಗೆ ಬಂದರು. ಬಸ್‌ಸ್ಟಾಪಿನ ಹತ್ತಿರ ನಿಂತ ಬಸ್ಸಿನ ಮುಂದಿನಿಂದ ಒಬ್ಬ ಹೆಂಗಸು ಕೂಸನ್ನೆತ್ತಿಕೊಂಡು ರಸ್ತೆಗಿಳಿದಳು. ನಿಂತ ಬಸ್ಸು ಕಂಡರೆ "ಬಸ್ಸು, ಮುಂದಿಂದ ಜನ ಬತ್ತಾರೆ" ಎಂದು ಹೇಳದ ದಿನವೇ ಇರಲಿಲ್ಲ. ಆ ದಿನ ಹೇಳಲಿಲ್ಲ. ಬೈಕು ಎಳೆದಾಡಿ, ಕ್ಯಾನು ನೆಲಕ್ಕೆ ಉಜ್ಜಿ, ಕೂಸಿನ ಕಾಲಿಗೆ ಒಂದು ಗೇಣು ಬಿಟ್ಟು ನಿಂತಿತು.

"ಕಣ್ಣಿಗೆ ಬಸ್ಸು ಕಂಡಿತ್ತು ಸಾರೇ. ನಾ ಬಾಯಿ ಮುಚ್ಚೋದ್ರಲ್ಲೇ ಇದ್ದೆ." ಚಾತಿ ಆ ಗೇಣನ್ನು ಬೆರಳಲ್ಲಿ ಅಳೆದು ತೋರಿಸುತ್ತಾರೆ. "ಆ ಕೂಸಿಗೆ ಏನಾರ ಆಗಿದ್ರೆ ಯಾರು ಒಪ್ಕಳ್ತಿದ್ರು? ಶೀಜನಾ? ಪೋಲೀಸಾ?"

ಮಾರನೇ ದಿನದಿಂದ ಮೊದಲಿಗಿಂತ ಜೋರಾಗಿ ಹೇಳುತ್ತಾ ಓಡಿಸುತ್ತಿದ್ದಾರೆ. ದಾರಿಯಲ್ಲಿ ಕೆಲವರು ಹುಚ್ಚಿ ಅನ್ನುತ್ತಾರೆ. ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ ಕಟ್ಟಿಕೊಂಡು ತಮ್ಮಷ್ಟಕ್ಕೆ ತಾವೇ ಬಡಬಡಿಸುತ್ತಾ ಹೋಗುವವರನ್ನು ಈ ರಸ್ತೆಯಲ್ಲಿ ಯಾರೂ ಹುಚ್ಚರು ಅನ್ನುವುದಿಲ್ಲ.

ಸೊಸೈಟಿಯ ಕಟ್ಟೆಯ ಮೇಲೆ ಖಾಲಿ ಕ್ಯಾನುಗಳನ್ನು ಬೋರಲು ಹಾಕಿ ಚಾತಿ ಚಹಾ ಕುಡಿಯುತ್ತಿದ್ದಾರೆ. ಬುಧವಾರ ಚಿಕ್ಕಮಾದು ಅವರೂ ಜೊತೆಗೆ ಬರುತ್ತಾರಂತೆ, ಕೇಳದಿದ್ದರೂ ಹೇಳುತ್ತಾರಂತೆ. ಒಪ್ಪಿಕೊಳ್ಳುವುದಿಲ್ಲವೇ ಎಂದರೆ ಚಾತಿ ತಲೆ ಅಲ್ಲಾಡಿಸುತ್ತಾರೆ. ಲೈಸೆನ್ಸ್ ಹೋದರೆ?

"ಹೋದ್ರೆ ಹೋಗ್ಲಿ, ನಡ್ಕಂಡು ಹೊರ್ತೀನಿ. ನಾ ನೋಡ್ದೆ ಓಡಿಸ್ತಿದ್ದೆ ಅಂತ ನನ್ನ ಬಾಯಲ್ಲಿ ಬರಲ್ಲ."

ಅಲ್ಲಿ ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ, ಯಾರಿಗೆ ಹೇಳುತ್ತಿದ್ದೆ ಎಂದು. ಈ ಸಲ ಉತ್ತರವನ್ನು ಮಲಯಾಳದಲ್ಲೂ ಜೋಡಿಸಿಟ್ಟುಕೊಂಡಿದ್ದಾರೆ. ಲೋಟ ಕೆಳಗಿಟ್ಟು, ಎದುರಿಗೆ ಅಧಿಕಾರಿಯೇ ಕೂತಿದ್ದಾರೆ ಎಂಬಂತೆ ನೆಟ್ಟಗೆ ಕೂತು, ನಮ್ಮ ಮಾತಿನಲ್ಲಿ ಹೇಳಿ ತೋರಿಸುತ್ತಾರೆ.

"ಅವಂಗೇ ಹೇಳ್ತಿದ್ದೆ ಸಾರೇ, ಆ ಕಾರಿನವಂಗೆ. ಮುಂದೆ ಹೋಗೋರು ಹೇಳ್ಬೇಕು, ಹಿಂದೆ ಬರೋರು ಹೂಂ ಅನ್ಬೇಕು. ನಾ ಹಸ ಅದೆ ಅಂದೆ. ಅವ ಹಾರ್ನ್ ಹೊಡ್ದ."