ತಾಮ್ರದ ಬ್ಯಾನಿಯಲ್ಲಿ ತಾಯಿ ನನ್ನ ಇಬ್ಬರು ಮಕ್ಕಳ ಕೈಹಿಡಿದದ್ದು

ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಮುಂಜಾನೆ, ನನ್ನ ಹಿರಿಯ ಮಗಳು ಸವಿತಾ ಚಹಾದ ಕಪ್ಪನ್ನು ಬಾಯಿತನಕ ಒಯ್ಯಲಾರದೆ ಮೈಮೇಲೆ ಚೆಲ್ಲಿಕೊಂಡಳು. "ಕೈಯಾಗ ಕಸುವಿಲ್ಲೇನ್ ಬೇ ನಿನಗ?" ಅಂತ ನಾನು ಬೈದೆ. ಹದಿನೇಳು ವರ್ಷದ ಹುಡುಗಿ, ಒದ್ದೆ ಬಟ್ಟೆಯಲ್ಲೇ ಎದ್ದು ಹೋದಳು. ತಾಯಿ ಬನಶಂಕರಿಯನ್ನು ನಂಬಿದ ನಿಮ್ಮೆಲ್ಲರ ಮುಂದೆ ಮೊದಲು ಆ ಬೈಗುಳವನ್ನು ಒಪ್ಪಿಕೊಂಡು ಉಳಿದದ್ದನ್ನು ಬರೆಯುತ್ತೇನೆ.

ನಮ್ಮದು ಬನಹಟ್ಟಿ. ಮನೆಯವರು ಪಾವರ್‌ಲೂಮ್ ಮೇಲೆ ಸೀರೆ ನೇಯುತ್ತಾರೆ, ನಾನು ನೂಲು ಸುತ್ತಿ ಕೊಡುತ್ತೇನೆ. ಮನೆಯವರು ನನ್ನ ತಾಯಿಯ ತಮ್ಮ, ನನಗೆ ಸೋದರಮಾವ. ಹಾಗಾಗಿ ಅತ್ತೆಯೇ ನನ್ನ ಅಜ್ಜಿ. ಆಕೆಯನ್ನು ಇವತ್ತಿಗೂ ಆಯಿ ಅಂತಲೇ ಕರೆಯುತ್ತೇನೆ. ಸವಿತಾ, ಆಕೆಗಿಂತ ನಾಲ್ಕು ವರ್ಷ ಸಣ್ಣವಳಾದ ರೇಖಾ, ಇಬ್ಬರೇ ನಮಗೆ.

ದೀಪಾವಳಿ ಹೊತ್ತಿಗೆ ಸವಿತಾಳ ಅಕ್ಷರ ಅವಳಿಗೇ ಓದಲು ಬರದಷ್ಟು ಕೆಟ್ಟಿತು. ಬಾಯಲ್ಲಿ ತುತ್ತು ಇಟ್ಟುಕೊಂಡು ಮಾತಾಡಿದ ಹಾಗೆ ಮಾತು ತೊದಲಿತು, ಜೊಲ್ಲು ಸೋರತೊಡಗಿತು. ಕಾಲೇಜಿನಲ್ಲಿ ಸುಮ್ಮಸುಮ್ಮನೆ ನಕ್ಕಳೆಂದು ಹೊರಗೆ ನಿಲ್ಲಿಸಿದರು. ಊರಿನ ಡಾಕ್ಟರು ಪರೀಕ್ಷೆಯ ಹೆದರಿಕೆ ಅಂದು ನಿದ್ದೆಯ ಗುಳಿಗೆ ಬರೆದರು. ಓಣಿಯವರು ಗಾಳಿ ಸೋಕಿದೆ ಅಂದರು. ನಾನು ಶುಕ್ರವಾರ ಉಪವಾಸ ಹಿಡಿದೆ. ದೇವರ ಜಗಲಿಯ ಮುಂದೆ ತಾಮ್ರದ ತಂಬಿಗೆಯಲ್ಲಿ ನೀರಿಟ್ಟು, ಮುಂಜಾನೆ ಅದನ್ನೇ ತೀರ್ಥವೆಂದು ಅವಳಿಗೆ ಕುಡಿಸಿದೆ. ಕುಡಿಯುವಾಗ ಅರ್ಧ ಗದ್ದದ ಮೇಲೆ ಇಳಿಯುತ್ತಿತ್ತು.

ಸಂಕ್ರಮಣ ಮುಗಿದ ಮೇಲೆ ಜಮಖಂಡಿಯ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದಾಕೆ ಸವಿತಾಳ ಜೊಲ್ಲು ನೋಡಿ, ಸೆರಗು ಎಳೆದುಕೊಂಡು ಬೇರೆ ಸೀಟಿಗೆ ಹೋದಳು. ಸವಿತಾ ಅದನ್ನು ನೋಡಿದಳು. ದವಾಖಾನೆಗೆ ಮುಟ್ಟಿದರೆ, "ಇವತ್ತ ಸಾಹೇಬ್ರು ಬಂದಿಲ್ಲರಿ, ಮುಂದಿನ ವಾರ ಬರ್ರಿ" ಅಂದರು. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. "ಇಷ್ಟ ಬೇಡಿಕೊಂಡೇನಿ, ಒಬ್ಬ ಡಾಕ್ಟರನ್ನರ ಸಿಗುವಂಗ ಮಾಡಬಾರದೇನು ತಾಯಿ?" ಅಂತ ದೇವಿಯ ಮೇಲೇ ಸಿಟ್ಟು ಮಾಡಿದೆ.

ಎದುರಿಗೆ ಕಣ್ಣಿನ ದವಾಖಾನೆ ಇತ್ತು. ಅಕ್ಷರ ಕೆಟ್ಟದ್ದು ಕಣ್ಣಿನಿಂದ ಇದ್ದರೂ ಇರಬಹುದು, ಬಂದದ್ದು ಸುಮ್ಮನೆ ಆಗಬಾರದು, ಒಂದು ಚಷ್ಮಾ ಹಾಕಿಸೋಣ ಅಂತ ಒಳಗೆ ಹೋದೆವು. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ದೀಪದ ಮಷೀನಿಗೆ ಸವಿತಾಳ ಗದ್ದ ಆನಿಸಿ ಬಹಳ ಹೊತ್ತು ನೋಡಿದರು.

"ಅಕ್ಕಾರ, ಈಕಿ ಕೈ ಎಷ್ಟ ದಿನದಿಂದ ನಡಗಾಕತ್ತೇತಿ?"

"ಶ್ರಾವಣದಿಂದರಿ. ಕಣ್ಣಿಗೂ ಕೈಗೂ ಏನ್ ಸಂಬಂಧರಿ?"

"ಕರಿಗುಡ್ಡಿ ಸುತ್ತ ಕಂದು ಬಣ್ಣದ ಬಳಿಯಂಥಾ ಗೆರಿ ಕಾಣತೈತಿ. ಇದು ಕಣ್ಣಿನ ಬ್ಯಾನಿ ಅಲ್ಲ. ಮೈಯಾಗ ತಾಮ್ರ ಕೂಡಿ ಮಿದುಳಿಗೆ ಏರಾಕತ್ತೇತಿ ಅನಸ್ತೈತಿ. ತಡಾ ಮಾಡಬ್ಯಾಡ್ರಿ, ನಾಳೇನ ಹುಬ್ಬಳ್ಳಿಗೆ ನರದ ಡಾಕ್ಟರ ಕಡೆ ಹೋಗ್ರಿ."

ಅವರೇ ಚೀಟಿ ಬರೆದು ಕೊಟ್ಟರು. ಆ ದಿನ ಮನಸ್ಸಿನ ಡಾಕ್ಟರು ಸಿಕ್ಕಿದ್ದರೆ ನಾನು ಆ ಬಾಗಿಲಿಗೆ ಹೋಗುತ್ತಲೇ ಇರಲಿಲ್ಲ. ಬೈಸಿಕೊಂಡರೂ ತಾಯಿ ನನ್ನನ್ನು ಅಲ್ಲಿಗೇ ಕಳಿಸಿದಳು.

ಹುಬ್ಬಳ್ಳಿಯಲ್ಲಿ ತಲೆಯ ಸ್ಕ್ಯಾನ್ ಆಯಿತು, ರಕ್ತ ತೆಗೆದರು. ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ ಕ್ಯಾನಿನಲ್ಲಿ ಹಿಡಿದು ಕೊಡಲು ಹೇಳಿದರು. ತಾಮ್ರವನ್ನು ಹಿಡಿದಿಡುವ ಒಂದು ಪ್ರೋಟೀನು ರಕ್ತದಲ್ಲಿ ತೀರ ಕಡಿಮೆ, ಮೂತ್ರದಲ್ಲಿ ತಾಮ್ರ ಹೆಚ್ಚು. ವಿಲ್ಸನ್ ಕಾಯಿಲೆ ಅಂದರು ನರದ ಡಾಕ್ಟರು. "ಇವಕ್ಕ ಬಯೋಮಾರ್ಕರ್ ಅಂತಾರ. ರೋಗದ ಗುರುತು. ರೋಗ ಯಾವುದು ಅಂತ ಹೇಳೂವೂ ಇವ, ಔಷಧ ಹತ್ತೇತೋ ಇಲ್ಲೋ ಹೇಳೂವೂ ಇವ."

ನಾನು ತಾಮ್ರದ ತಂಬಿಗೆಯ ವಿಷಯ ಹೇಳಿದೆ.

"ನಿಮ್ಮ ತೀರ್ಥದಿಂದ ಬಂದಿಲ್ಲರಿ ಇದು, ಹುಟ್ಟಿನಿಂದ ಬಂದೈತಿ. ಇನ್ನ ಮ್ಯಾಲೆ ತಾಮ್ರದಾಗಿನ ನೀರು ಬ್ಯಾಡ, ಅಷ್ಟ. ನಿಮ್ಮದು ಸಂಬಂಧದಾಗ ಲಗ್ನ ಏನು?"

ಮನೆಯವರು ತಲೆ ತಗ್ಗಿಸಿದರು. ತಾಯಿ ತಂದೆ ಇಬ್ಬರ ಕಡೆಯಿಂದಲೂ ದೋಷ ಬಂದಾಗ ಮಾತ್ರ ಮಕ್ಕಳಿಗೆ ಈ ರೋಗ ಕಾಣಿಸುತ್ತದಂತೆ. "ತಂಗೀನ್ನೂ ಕರಕೊಂಡ ಬರ್ರಿ, ಆಕೀದೂ ನೋಡಬೇಕು" ಅಂದರು.

ರೇಖಾ ಶಾಲೆಯಲ್ಲಿ ಓಟಕ್ಕೆ ಮುಂದೆ. ಅವಳ ಕೈ ನಡುಗಿದ್ದನ್ನು ಯಾರೂ ಕಂಡಿಲ್ಲ. ಆದರೂ ವರದಿಯಲ್ಲಿ ಅವೇ ಗುರುತು ಇದ್ದವು. "ಲಕ್ಷಣ ಬರೂಕಿಂತ ಮೊದಲ ಸಿಕ್ಕೇತಿ. ಈಗಿಂದ ಗುಳಿಗಿ ತಗೊಂಡರ ಈಕಿ ಛಲೋ ಇರತಾಳ" ಅಂತ ಡಾಕ್ಟರು ಸಮಾಧಾನ ಹೇಳಿದರು. ನನಗೆ ಕೇಳಿಸಿದ್ದು ಒಂದೇ: ಇಬ್ಬರಿಗೂ ಇದೆ. ಮನೆಯಲ್ಲಿ ಆಯಿ ಎದೆ ಬಡಿದುಕೊಂಡಳು. "ಮನಿ ಹುಡುಗಿ ಮನ್ಯಾಗ ಇರ್ಲಿ ಅಂತ ನಾನ ಮಾಡಿದ ಲಗ್ನ ಇದು, ಯವ್ವಾ." ಮರುದಿನ ನಾನು ನೂಲು ಸುತ್ತುತ್ತಿದ್ದಾಗ ರೇಖಾ ಬಂದು, "ಅವ್ವಾ, ಅಕ್ಕಗ ಬಂದದ್ದು ನನಗ ಯಾವಾಗ ಬರತೈತಿ?" ಅಂತ ಕೇಳಿದಳು. ಎದ್ದು ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತೆ.

ಔಷಧ ಶುರುವಾದ ಮೇಲೆ ಸವಿತಾ ಸುಧಾರಿಸಲಿಲ್ಲ, ಇನ್ನಷ್ಟು ಇಳಿದಳು. ಮೊದಮೊದಲು ಹೆಚ್ಚಾಗಬಹುದು ಅಂತ ಡಾಕ್ಟರು ಹೇಳಿದ್ದರು. ಆದರೆ ನಡೆಯುತ್ತಿದ್ದ ಮಗಳು ಗೋಡೆ ಹಿಡಿದಳು, ಆಮೇಲೆ ಹಾಸಿಗೆ ಹಿಡಿದಳು. ಗಂಜಿ ಕೂಡ ನೆತ್ತಿಗೇರುತ್ತಿತ್ತು. ಮಾತು ಪೂರಾ ನಿಂತಿತು. ಎರಡನೇ ಸಲದ ಮೂತ್ರದ ಕ್ಯಾನನ್ನು ಮನೆಯವರು ಕೈಚೀಲದಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಹುಬ್ಬಳ್ಳಿಗೆ ಮುಟ್ಟಿಸಿ ಬಂದರು. ಬಂದವರೇ, "ಈ ಗುಳಿಗಿನ ಆಕೀನ್ನ ತಿನ್ನಾಕತ್ತೇತಿ" ಅಂದರು. ನನಗೂ ಹಾಗೇ ಅನ್ನಿಸಿತ್ತು. ಇಬ್ಬರೂ ಕೂಡಿ ಸವಿತಾಳ ಗುಳಿಗೆ ನಿಲ್ಲಿಸಿದೆವು.

ಮೂರು ದಿನ ಕೊಡಲಿಲ್ಲ. ನಾಲ್ಕನೇ ದಿನ ಶುಕ್ರವಾರ, ಮಿಂದು ಬಂದು ದೇವಿಗೆ ಹೂ ಏರಿಸಿ, ಜಗಲಿಯ ಮುಂದೆ ಪ್ರಸಾದ ಕೇಳಲು ಕೂತೆ. ಬಲಕ್ಕೆ ಹೂ ಬಿದ್ದರೆ ಗುಳಿಗೆ ಬೇಡ, ಎಡಕ್ಕೆ ಬಿದ್ದರೆ ಕೊಡುತ್ತೇನೆ. ಹೊತ್ತು ಏರಿತು, ಹೂ ಅಲುಗಲಿಲ್ಲ. "ತಾಯಿ, ನೀನೂ ಬಾಯಿ ಮುಚ್ಚಿಕೊಂಡಿ?" ಅಂತ ಹಣೆ ನೆಲಕ್ಕೆ ಬಡಿದೆ.

ಹಿಂದೆ ಹಾಸಿಗೆಯ ಮೇಲೆ ಸರಸರ ಸದ್ದಾಯಿತು. ತಿರುಗಿ ನೋಡಿದರೆ ಸವಿತಾ ಮೊಣಕೈ ಊರಿಕೊಂಡು ನನ್ನ ಕಡೆ ಹೊರಳಿದ್ದಳು. ಅಂಗೈ ಬಿಚ್ಚಿ ಕೈ ಚಾಚಿದ್ದಳು. ಕೈ ಎಲೆ ಅಲುಗಿದಂತೆ ಅಲುಗುತ್ತಿತ್ತು. ಕಣ್ಣು ಮಾತ್ರ ಗೋಡೆಯ ಗೂಡಿನಲ್ಲಿಟ್ಟಿದ್ದ ಗುಳಿಗೆಯ ಡಬ್ಬಿಯ ಮೇಲೆ ನೆಟ್ಟಿತ್ತು. ತಿಂಗಳಿಂದ ಮಾತಿಲ್ಲದ ಬಾಯಿ ಕಷ್ಟಪಟ್ಟು ತೆರೆಯಿತು.

"ಕೊ... ಡು."

ಎಲ್ಲ ಅವಳಿಗೆ ತಿಳಿಯುತ್ತಿತ್ತು. ನಾವು ಗೋಡೆಯ ಆಚೆ ಆಡಿದ್ದೂ ತಿಳಿದಿತ್ತು. ನನ್ನ ಪ್ರಶ್ನೆಗೆ ತಾಯಿ ಹೂವಿನಿಂದ ಹೇಳಲಿಲ್ಲ, ನನ್ನ ಮಗಳ ಬಾಯಿಂದ ಹೇಳಿದಳು. ಇದು ನನ್ನ ನಂಬಿಕೆ. ಆ ಕೂಡಲೇ ಮನೆಯವರು ಡಾಕ್ಟರಿಗೆ ಫೋನ್ ಮಾಡಿದರು, ಅದೇ ದಿನ ಗಾಡಿ ಮಾಡಿಕೊಂಡು ಹುಬ್ಬಳ್ಳಿಗೆ ಹೊರಟೆವು.

ಡಾಕ್ಟರು ಬೈಯಲಿಲ್ಲ. "ಹಿಂಗ ಒಮ್ಮೆಲೆ ನಿಲ್ಲಿಸಿದರ ಜೀವಕ್ಕ ಅಪಾಯ ಐತಿ, ತಿಳೀತಿಲ್ಲೋ?" ಅಂತಷ್ಟೇ ಅಂದು ಹೊಸ ವರದಿ ತೋರಿಸಿದರು. ಮೊದಲಿಗಿಂತ ಎಷ್ಟೋ ಪಟ್ಟು ತಾಮ್ರ ಮೂತ್ರದಲ್ಲಿ ಹೊರಗೆ ಬಿದ್ದಿತ್ತು. "ನೋಡ್ರಿ, ಔಷಧ ಹತ್ತೇತಿ. ಮಿದುಳು ಸುಧಾರಿಸಾಕ ಇನ್ನೂ ಭಾಳ ದಿನ ಬೇಕು. ಈಗ ನಿಮ್ಮ ಕಣ್ಣಿಗೆ ಕಾಣೂದನ್ನ ನಂಬಬ್ಯಾಡ್ರಿ, ಈ ಕಾಗದ ನಂಬ್ರಿ." ಗುಳಿಗೆ ಕಡಿಮೆ ಮಾಡಿ, ಮೆಲ್ಲಗೆ ಏರಿಸುತ್ತ ಹೋದರು.

ಆಮೇಲಿನ ಏಳೆಂಟು ತಿಂಗಳು ಹೇಗೆ ಕಳೆದೆವೆಂದು ಬರೆಯಲು ನನ್ನಿಂದ ಆಗುವುದಿಲ್ಲ. ಜೊಲ್ಲು ನಿಂತಿತು. ಕೂತಳು, ನಿಂತಳು. ಈಗ ತಾಟಿನಲ್ಲಿ ರೊಟ್ಟಿ ತಾನೇ ಮುರಿದು ತಿನ್ನುತ್ತಾಳೆ. ಮಾತು ನಿಧಾನ, ಕಾಲೇಜು ಬಿಟ್ಟದ್ದು ಬಿಟ್ಟ ಹಾಗೇ ಇದೆ. ನಾನು ಬೇಡಿದ್ದು ಮೊದಲಿನ ಸವಿತಾಳನ್ನು, ಪೂರಾ ಸಿಕ್ಕಿಲ್ಲ. ರೇಖಾ ಮಾತ್ರ ಇವತ್ತಿಗೂ ಓಡುತ್ತಾಳೆ. ಇಬ್ಬರಿಗೂ ಜೀವನಪೂರ್ತಿ ಗುಳಿಗೆ, ಕೆಲವು ತಿಂಗಳಿಗೊಮ್ಮೆ ಅದೇ ಕ್ಯಾನು. ಪ್ರತಿ ವರದಿಯ ಮುಂಚಿನ ದಿನ ಜಗಲಿಯ ಮುಂದೆ ದೀಪ ಹಚ್ಚಿ ಕೂರುತ್ತೇನೆ. ನಿಮ್ಮ ಮನೆಯ ಮಗುವಿನ ಕೈ ನಡುಗಿದರೆ, ಮಾತು ತೊದಲಿದರೆ, ಹರಕೆಯನ್ನೂ ಹೊರ್ರಿ, ಪರೀಕ್ಷೆಯನ್ನೂ ಮಾಡಿಸ್ರಿ. ಒಡಹುಟ್ಟಿದವರದನ್ನೂ ಬಿಡಬ್ಯಾಡ್ರಿ.

ಹೋದ ತಿಂಗಳು ಬಾದಾಮಿಗೆ, ಬನಶಂಕರಿ ತಾಯಿಯ ಸನ್ನಿಧಿಗೆ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಅರ್ಚನೆಗೆ ಪೂಜಾರಿಗಳು "ಹೆಸರು ಹೇಳ್ರಿ" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸವಿತಾ ನನ್ನ ಕೈ ಒತ್ತಿದಳು. ಹಿಂದೆ ಉದ್ದ ಸಾಲು ಇತ್ತು. ಯಾರೂ ಅವಸರ ಮಾಡಲಿಲ್ಲ. ಪೂಜಾರಿಗಳು ಹೂ ಹಿಡಿದುಕೊಂಡು ಕಾದರು. ಅವಳು ಒಂದೊಂದೇ ಅಕ್ಷರ ಕೂಡಿಸಿ ಮೊದಲು ತಂಗಿಯ ಹೆಸರು ಹೇಳಿದಳು, ಆಮೇಲೆ ತನ್ನದು.