ಟೀಗೆ ಕರೆಯದ ಅರಮನೆ

ಟೀಗೆ ಬಾ ಎಂದು ಕರೆದವರ ಮನೆಯಲ್ಲಿ ನನ್ನ ಮುಂದೆ ಒಂದು ಇಡೀ ಪೈ, ಬೇಯಿಸಿದ ಬಟಾಣಿ, ಆಲೂಗಡ್ಡೆಯ ಗುಡ್ಡ ಬಂದು ಕೂತವು. ಕರೆದವರ ಮನೆಗೆ ಹಸಿದು ಹೋಗಬಾರದೆಂಬ ಮೈಸೂರಿನ ಮರ್ಯಾದೆ ನನ್ನದು. ಹೊಟ್ಟೆ ತುಂಬ ಚಿತ್ರಾನ್ನ ತಿಂದು, ಬಿಸ್ಕತ್ತಿಗಷ್ಟೇ ಜಾಗ ಬಿಟ್ಟುಕೊಂಡು ಹೋಗಿದ್ದೆ. ಇಂಗ್ಲೆಂಡಿನ ಈ ಲೀಡ್ಸಿನಲ್ಲಿ ‘ಟೀ’ ಎಂದರೆ ಸಂಜೆಯ ಊಟ. ಇದನ್ನು ವೀಸಾಕ್ಕೆ ಬರೆಯುವ ಯಾವ ಇಂಗ್ಲಿಷ್ ಪರೀಕ್ಷೆಯೂ ಕೇಳುವುದಿಲ್ಲ.

ಕರೆದವರು ಪಕ್ಕದ ಮನೆಯ ಜೀನ್. ಯೌವನದಲ್ಲಿ ಥಾಯ್ ಅರಮನೆಯಲ್ಲಿ ರಾಜರ ಇಂಗ್ಲಿಷ್ ಪತ್ರಗಳನ್ನು ಟೈಪ್ ಮಾಡುತ್ತಿದ್ದವರು. ಇಳಿವಯಸ್ಸಿನಲ್ಲಿ ಅದನ್ನೇ ಪುಸ್ತಕ ಮಾಡಿದ್ದಾರೆ. ಪೈ ಜೊತೆ ಅದನ್ನೂ ಕೈಗಿಟ್ಟರು. “ಓದಿ ಹೇಳು, ಲವ್.” ಇಲ್ಲಿ ‘ಲವ್’ ಎಂದರೆ ನಮ್ಮ ‘ಪುಟ್ಟಿ’; ಬಸ್ ಡ್ರೈವರೂ ಹಾಗೇ ಕರೆಯುತ್ತಾನೆ, ಗಾಬರಿಯಾಗಬೇಡಿ.

ಓದಿದೆ. ಸೆಕೆ, ಸೊಳ್ಳೆಪರದೆ, ಟೈಪ್‌ರೈಟರಿನ ರಿಬ್ಬನ್, ಮತ್ತೆ ಸೆಕೆ. ರಾಜರು ಬರುವುದು ಒಮ್ಮೆ, ಅದೂ ಕಾರಿನ ಕಿಟಕಿಯಲ್ಲಿ ಒಂದು ಕಿವಿಯಾಗಿ. ಅಲ್ಲಿಯ ಒಬ್ಬರಿಗೂ ಹೆಸರಿಲ್ಲ. ವರ್ಷಗಟ್ಟಲೆ ಇದ್ದು ಕಲಿತ ಥಾಯ್ ಪದ ಒಂದೇ: ‘ಆಹಾನ್’, ಆಹಾರ. ಅದಕ್ಕೆ ಅರ್ಧ ಪುಟದ ವಿವರಣೆ! ನಮ್ಮಜ್ಜಿಯ ಮುಂದೆ ಆ ಪದ ಆಡಿದ್ದರೆ ವಿವರಣೆ ಕೇಳದೆ ತಟ್ಟೆ ಇಡುತ್ತಿದ್ದರು.

ಇಂಥ ಪುಸ್ತಕದ ಬಗ್ಗೆ ಜೀನ್ ಮಾತಾಡಲು ನಮ್ಮ ಬೀದಿಯ ಗ್ರಂಥಾಲಯ ಒಂದಿಡೀ ಮಧ್ಯಾಹ್ನ ಕೊಟ್ಟಿತು. ಮೈಸೂರಿನಿಂದ ಬಂದು ಇಲ್ಲಿ ಬದುಕುವ ಬಗ್ಗೆ ಮಾತಾಡಲು ಅದೇ ಜಾಗವನ್ನು ನಾನೂ ಕೇಳಿದ್ದೆ. “ಒಳ್ಳೆ ಐಡಿಯಾ. ನಿಮ್ಮ ಹಬ್ಬ ಬಂದಾಗ ನೋಡೋಣ” ಎಂದಿದ್ದರು ಗ್ರಂಥಾಲಯದವರು. ಜೀನ್ ಅಲ್ಲಿಗೆ ಹೋದರೆ ಆತ್ಮಕಥೆ, ನಾನು ಇಲ್ಲಿಗೆ ಬಂದರೆ ದೀಪಾವಳಿ! ಹೊಟ್ಟೆಕಿಚ್ಚು ಅಂತೀರಾ? ಹೌದು, ಹೊಟ್ಟೆಕಿಚ್ಚೇ. ಅಷ್ಟಕ್ಕೇ ವಾದ ಬಿದ್ದುಹೋಗುವುದಿಲ್ಲ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತಿದ್ದೆ: ದೊಡ್ಡ ಆರೋಪ ಬೇಡ, ಚಿಕ್ಕ ಪ್ರಶ್ನೆ ಸಾಕು. ಆ ಮಧ್ಯಾಹ್ನ ಗ್ರಂಥಾಲಯದ ತುಂಬಿದ ಸಭೆಯಲ್ಲಿ ಕೈ ಎತ್ತಿದೆ.

“ಅಷ್ಟು ವರ್ಷ ಇದ್ದಿರಲ್ಲ, ಅಲ್ಲಿಯವರು ಮನೇಲಿ ಸಂಜೆಗೆ ಏನು ತಿಂತಾರೆ? ಪುಸ್ತಕದಲ್ಲಿಲ್ಲ.”

ಜೀನ್ ಕನ್ನಡಕ ತೆಗೆದರು. “ಗೊತ್ತಿಲ್ಲ, ಲವ್. ಯಾರೂ ಟೀಗೆ ಕರೀಲೇ ಇಲ್ಲ.”

ಸಭೆ ನಕ್ಕಿತು. ಅವರು ನಗಲಿಲ್ಲ. ಎರಡನೇ ಪ್ರಶ್ನೆಗೆಂದು ಎತ್ತಿದ್ದ ಕೈ ಇಳಿಸಿದೆ. ಕೊನೆಗೆ ಜೋರು ಚಪ್ಪಾಳೆ. ಆ ಚಪ್ಪಾಳೆ ನನಗೆ ಬೇಕಿತ್ತು, ಈಗಲೂ ಬೇಕು.

ಬಾಗಿಲಲ್ಲಿ ಜೀನ್ ತೋಳು ಹಿಡಿದರು. “ಏನು ವಕೀಲಮ್ಮ, ಟೀಗೆ ಬರ್ತೀಯಾ? ಇಲ್ಲ, ಈ ಸಲಾನೂ ತಿಂದ್ಕೊಂಡೇ ಬಂದಿದ್ದೀಯಾ?”

“ಹಸಿದಿದ್ದೀನಿ” ಎಂದೆ.

ಜೀನ್ ಮನೆಯಲ್ಲಿ ನನ್ನ ತಟ್ಟೆ ಅರ್ಧ ಖಾಲಿಯಾಗಿತ್ತು. ಮೈಸೂರಿನಲ್ಲಿ ಮಲಗುವ ಮುನ್ನ ಅಮ್ಮ ಫೋನ್ ಮಾಡಿದಳು. “ಊಟ ಆಯ್ತೇನೇ?”

“ಟೀ ಆಗ್ತಿದೆ ಕಣಮ್ಮ.”

“ಬರೀ ಟೀನಾ? ಊಟ ಮಾಡೋಕೇನು ರೋಗ ನಿಂಗೆ?”

ಒಂದೇ ಮಾತು: ಇಲ್ಲಿ ಊಟವಾಗಿದ್ದ ‘ಟೀ’ ಮೈಸೂರಿಗೆ ತಲುಪುವಷ್ಟರಲ್ಲಿ ಉಪವಾಸವಾಗಿತ್ತು.

“ಯಾರು, ಲವ್?” ಎಂದರು ಜೀನ್.

“ಅಮ್ಮ. ನಾನೇನೂ ತಿಂದಿಲ್ಲ ಅಂತಾಳೆ.”

ಜೀನ್ ಎದ್ದು ನನ್ನ ತಟ್ಟೆಗೆ ಇನ್ನೊಂದು ಸೌಟು ಬಟಾಣಿ ಸುರಿದರು.