ಭಾವನ ಕೈ ಮತ್ತು ಅಂಗಳದ ಅಳಿಲುಗಳು

ಆ ಅಳಿಲು ಎರಡು ಕೈಯಲ್ಲಿ ಹಿಡಿದು ತಿನ್ನುತ್ತಿದ್ದ ಬೀಜ ಯಾವ ಬಣ್ಣದ್ದಾಗಿತ್ತು ಎಂಬುದು ನನಗೆ ಖಚಿತವಿಲ್ಲ. ಗುಲಾಬಿ ಎಂದು ನೆನಪು. ಆದರೆ ಶೇಂಗಾ ಬೀಜ ಸಹಜವಾಗಿಯೇ ತಿಳಿಗೆಂಪು. ಮಧ್ಯಾಹ್ನದ ಬಿಸಿಲಿನಲ್ಲಿ, ಅಂಗಳದ ಈ ತುದಿಯಿಂದ ನೋಡಿದವನು ಏನನ್ನು ಆಣೆ ಮಾಡಿ ಹೇಳಬಲ್ಲ? ಅಷ್ಟೇ ಅಲ್ಲ, ಆ ದಿನ ಅಳಿಲು ಬಂದಿತ್ತೇ ಎಂಬುದೂ ಅನುಮಾನ. ಹಿಂದಿನ ವರ್ಷ ಕಂಡ ಅಳಿಲನ್ನು ನಾನೇ ತಂದು ಆ ವರ್ಷದ ಅಂಗಳದಲ್ಲಿ ಕೂರಿಸಿರಬಹುದು. ನೆನಪು ಇಂಥ ಕೆಲಸ ಮಾಡುತ್ತದೆ ಎಂದು ಎಂ.ಎ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಆಗ ಅದು ಬರೀ ಪ್ರಶ್ನೆಯಾಗಿತ್ತು.

ಅಕ್ಕನ ಊರು ರಾಯದುರ್ಗದಿಂದ ಗುಮ್ಮಘಟ್ಟಕ್ಕೆ ಹೋಗುವ ದಾರಿಯಲ್ಲಿದೆ. ನಾನಿರುವುದು ಮಡಕಶಿರಾದಲ್ಲಿ, ಕಾಲೇಜಿನ ಕೆಲಸ. ಎರಡು ಬಸ್ಸು ಬದಲಿಸಿ, ಕೊನೆಗೆ ಷೇರ್ ಆಟೋದಲ್ಲಿ ಯಾರದೋ ಮೊಣಕೈ ತಿವಿಸಿಕೊಂಡು ತಲುಪುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿರುತ್ತದೆ. ಭಾವನಿಗೆ ಲಕ್ವ ಹೊಡೆದ ಮೇಲೆ ನನ್ನ ಹೋಗುಬರುವಿಕೆ ಹೆಚ್ಚಾಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಸುಕಬೇಕು ಎಂದು ಹೇಳಿ ಹೋಗಿದ್ದಳು. ಭಾವ ಅದನ್ನು ಮಂಚದ ಕೆಳಗೆ ಬೀಳಿಸುತ್ತಿದ್ದರು. ಅಕ್ಕ ಎತ್ತಿಕೊಟ್ಟರೆ ಮತ್ತೆ ಬೀಳಿಸುತ್ತಿದ್ದರು.

ಆಗಿನ್ನೂ ಬಿತ್ತನೆಗೆ ಮೊದಲು ಅಕ್ಕನ ಅಂಗಳದಲ್ಲಿ ಹೆಂಗಸರು ಸೇರಿ ಶೇಂಗಾ ಸುಲಿಯುತ್ತಿದ್ದರು. ಕಾಯಿಗೆ ನೀರು ಚಿಮುಕಿಸಿ, ಸಿಪ್ಪೆ ಮೆತ್ತಗಾದ ಮೇಲೆ ಕೈಯಲ್ಲೇ ಒಡೆಯುವುದು; ಬೀಜಕ್ಕೆ ಪೆಟ್ಟಾದರೆ ಮೊಳೆಯುವುದಿಲ್ಲ. ಮುರುಕು, ಸುರುಟಿದ್ದು ಎಲ್ಲ ಒಂದು ಬದಿಗೆ. ಬೇಲಿಯಾಚೆಯ ಹುಣಸೆಮರದಿಂದ ಅಳಿಲುಗಳು ಇಳಿದು ಬರುತ್ತಿದ್ದುದು ಆ ಬದಿಗೆ. ಒಂದು ದಿನ ಅಕ್ಕ ಚೆಂಡಿನ ಬದಲು ಒಂದು ಹಿಡಿ ಮುರುಕು ಬೀಜವನ್ನು ಭಾವನ ಬಲಗೈಯಲ್ಲಿಟ್ಟಳಂತೆ. ಅಳಿಲೊಂದು ಮಂಚದ ಕಾಲಿನ ಹತ್ತಿರ ಬಂದು ನಿಂತಿತು. ಭಾವನ ಬೆರಳು ಬಿಚ್ಚಿತು, ಕೈ ಎದ್ದಿತು, ಒಂದು ಬೀಜ ಬಿತ್ತು. ಎಸೆದದ್ದೋ ಜಾರಿದ್ದೋ, ಅಕ್ಕನಿಗೆ ಆ ಭೇದ ಬೇಕಿರಲಿಲ್ಲ.

ನಾನು ಹೋದಾಗ ಅದು ದಿನದ ಕೆಲಸವೇ ಆಗಿತ್ತು. ಕೈ ಭುಜದ ಮಟ್ಟಕ್ಕೆ ಏಳುತ್ತಿತ್ತು. ಅಳಿಲು ಬಂದರೆ ಮಾತ್ರ. ಕೋಳಿ ಬಂದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ.

"ನೋಡು, ಕೋಳಿ ಅಂದ್ರ ಜಿಪುಣ, ಅಳಿಲು ಬಂತಂದ್ರ ಸಾವ್ಕಾರ ನಿಮ್ಮ ಭಾವ" ಎಂದಳು ಅಕ್ಕ. ಭಾವ ಒಂದು ಬದಿಯ ತುಟಿಯಲ್ಲೇ ನಕ್ಕರು. ಇದು ನನಗೆ ಚೆನ್ನಾಗಿ ನೆನಪಿದೆ, ಅಂದರೆ ಚೆನ್ನಾಗಿ ನೆನಪಿದೆ ಎನಿಸುತ್ತದೆ.

ಮರುವರ್ಷ ರಸ್ತೆ ಅಗಲ ಮಾಡುವಾಗ ಹುಣಸೆಮರ ಹೋಯಿತು. ಅದೇ ವರ್ಷ ಅಕ್ಕನ ಮಗ ಮೆಷಿನ್‌ನಲ್ಲಿ ಸುಲಿದ ಬೀಜವನ್ನೇ ಚೀಲದಲ್ಲಿ ತಂದ. ಹೆಂಗಸರು ಕೂಡಲಿಲ್ಲ, ಮುರುಕು ಉಳಿಯಲಿಲ್ಲ. ಮರ ಮೊದಲು ಹೋಯಿತೋ, ಚೀಲ ಮೊದಲು ಬಂತೋ ಎಂದು ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆ ಬಿತ್ತನೆ ಮುಗಿದ ವಾರವೂ ನಾನು ಹೋಗಿದ್ದೆ. ನನ್ನ ಗುಲಾಬಿ ಬೀಜದ ನೆನಪು ಆ ವಾರದ್ದು.

ಅದಾದ ನಂತರದ ಭೇಟಿಯಲ್ಲಿ ಅಂಗಳ ಖಾಲಿ. ಭಾವನ ಮುಷ್ಟಿ ತೊಡೆಯ ಮೇಲಿತ್ತು. ಮುಟ್ಟಿ ನೋಡಿದೆ. ಒಳಗಿದ್ದ ಬೀಜಗಳು ಬೆವರಿಗೆ ಒದ್ದೆಯಾಗಿದ್ದವು. ಅವರ ಕಣ್ಣು ಬೇಲಿಯ ಮೇಲೇ ಇತ್ತು.

"ಬರೋದೇ ಬಿಟ್ಟಾವ" ಎಂದಳು ಅಕ್ಕ. "ಕೈ ನೋಡು, ಮತ್ತ ಮೊದಲಿನಂಗ ಆಗಾಕತ್ತೈತಿ."

ಮೊಣಕೈ ಬಿಗಿದಿತ್ತು. ಬಿಡಿಸಲು ಹೋದರೆ ಭಾವ ಮುಖ ಕಿವುಚಿದರು.

ನನ್ನ ಚಾಳಿಯಂತೆ ಕಾರಣ ಹುಡುಕಲು ಹೊರಟೆ. ಪಕ್ಕದ ಮನೆಯ ಹೆಂಗಸು ಬೇಲಿಯಾಚೆ ಕುರಿಗೆ ಸೊಪ್ಪು ಕಟ್ಟುತ್ತಿದ್ದಳು. ತೆಲುಗು ಮನೆಮಾತಿನವಳು, ಅಳಿಲಿಗೆ ಉಡುತ ಎನ್ನುತ್ತಾಳೆ. "ಉಡುತಾನ? ಟವರ್ ಬಂದ್ಮ್ಯಾಗ ಹೋದ್ವು ಬಿಡ್ರಿ" ಎಂದಳು.

"ರಾಯದುರ್ಗದಾಗೂ ಟವರ್ ಅದಾವಲ್ಲಮ್ಮ, ಅಲ್ಲಿ ಅಳಿಲೂ ಅದಾವ" ಎಂದೆ.

"ಅವು ಟೌನಿನವು ಸಾರ್. ಅವಕ್ಕ ರೂಢಿ ಆಗೈತಿ."

ನಕ್ಕೆ. ಆದರೆ ಅವಳ ಟವರ್‌ಗಿಂತ ನನ್ನ ಹುಣಸೆಮರಕ್ಕೆ ಹೆಚ್ಚಿನ ಸಾಕ್ಷ್ಯ ಏನಿತ್ತು? ಮರ ಹೋದದ್ದು ನಿಜ, ಅಳಿಲು ಹೋದದ್ದು ನಿಜ. ಎರಡನ್ನೂ ಸೇರಿಸುವ 'ಆದ್ದರಿಂದ' ನನ್ನದು.

ಊಟಕ್ಕೆ ಕೂತಾಗ ಅಕ್ಕ ಕೇಳಿದಳು: "ನಿಮ್ಮ ಮಡಕಶಿರಾದಾಗ ಭಾಳ ಅದಾವ ಅಂತಿದ್ದಿ?"

ಇದ್ದವು. ನನ್ನ ಬಾಡಿಗೆ ಮನೆಯ ಹಿಂದೆ ಹುಣಸೆಹಣ್ಣಿನ ಬೀಜ ಬಿಡಿಸುವ ಶೆಡ್ಡಿದೆ. ಅದರ ತಗಡಿನ ಮೇಲೆ ದಿನವೆಲ್ಲ ಅವುಗಳ ಓಟ.

"ಒಂದು ಜೋಡಿ ಹಿಡಕೊಂಡು ಬಾರಪ್ಪ. ಬುಟ್ಟಿಯಾಗ ಹಾಕಿ ಬಾಯಿ ಕಟ್ಟಿದ್ರ ಬಸ್ಸಿನಾಗ ಯಾರು ಕೇಳ್ತಾರ?"

"ಅಕ್ಕಾ, ಅವು ಇಲ್ಲಿ ಏನು ತಿಂದು ಬದುಕಬೇಕು? ಮರ ಇಲ್ಲ, ಸುಲಿಯೋರಿಲ್ಲ."

"ನಾನು ಹಾಕ್ತೀನಲ್ಲ! ಇಷ್ಟು ಓದಿ ಎರಡು ಅಳಿಲು ಹಿಡಿಯಾಕ ಬರಂಗಿಲ್ಲಂದ್ರ ಏನು ಕಲಿಸ್ಯಾರ ನಿನಗ?"

ಎದ್ದು ಹೋಗಿ ಒಂದು ಡಬ್ಬಿ ತಂದಳು. ಅರ್ಧ ಡಬ್ಬಿ ಶೇಂಗಾ ಬೀಜ. ಸಿಪ್ಪೆ ಅಲ್ಲಲ್ಲಿ ಎದ್ದಿತ್ತು, ಸುಕ್ಕಿನ ಸಂದಿನಲ್ಲಿ ಗುಲಾಬಿ ಬಣ್ಣ ನಿಂತಿತ್ತು. ಬಿತ್ತನೆಗೆ ಮೊದಲು ಹುಳಕ್ಕೆ, ಬೂಷ್ಟಿಗೆ ಎಂದು ಬೀಜಕ್ಕೆ ಕಲಸುವ ಔಷಧಿಯ ಬಣ್ಣ.

"ಇದು ಬಿತ್ತಿ ಉಳಿದಿದ್ದಲ್ಲೇನು?"

"ಹೂಂ. ಅಷ್ಟು ಚಲೋ ಬೀಜ ಮಣ್ಣಿಗೆ ಹಾಕಂತಿ ಏನು? ನಾಕು ನೀರು ತೊಳದು ಬಿಸಿಲಿಗೆ ಒಣಗಿಸೀನಿ. ಬಣ್ಣ ಎಲ್ಲಾ ಹೋಗೈತಿ, ನೋಡು."

"ಯಾವಾಗಿಂದ ಹಾಕಾಕತ್ತೀದಿ?"

"ಬರೋದು ಬಿಟ್ಟ ಮ್ಯಾಲ. ಕರಿಯಾಕ ಅಂತ."

ಅಷ್ಟು ಹೇಳಿ ಅವಳು ಒದ್ದೆ ಬಟ್ಟೆ ತೆಗೆದುಕೊಂಡು ಭಾವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒರೆಸಿದಳು. ಏಕೆಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು: "ಬಾಯಿಗೆ ಇಟ್ಕೊಂಡಾರು ಅಂತ."

ಅಳಿಲು ಬರುವುದು ನಿಂತ ಮೇಲೆಯೇ ಅವಳು ಈ ಬೀಜ ಹಾಕಿದ್ದರೆ, ಬೀಜಕ್ಕೂ ಅವು ಹೋದದ್ದಕ್ಕೂ ಸಂಬಂಧವಿಲ್ಲ. ಬಿತ್ತನೆ ಮುಗಿದ ವಾರ ನಾನು ಕಂಡ ಗುಲಾಬಿ ಬೀಜ ನಿಜವಾದರೆ, ಇದೇ ಬೀಜವನ್ನು ಭಾವ ತಮ್ಮ ಕೈಯಾರೆ ಎಸೆದಿದ್ದರು, ಅಳಿಲು ತಿಂದಿತ್ತು. ಇದನ್ನು ತೀರ್ಮಾನಿಸಬಲ್ಲ ಮೂರನೆಯವರು ಭಾವ. ಅವರು ನನ್ನನ್ನೂ ಡಬ್ಬಿಯನ್ನೂ ನೋಡಿದರು. ಏನೋ ಹೇಳಲು ಗಂಟಲು ಕದಲಿಸಿದರು. ಅದು 'ಹೌದು' ಇರಬಹುದು. ನೀರು ಬೇಕೆಂದೂ ಇರಬಹುದು. ಅಕ್ಕ ನೀರು ಕುಡಿಸಿದಳು.

ಅಳಿಲು ಹಿಡಿಯುವ ಪ್ರಯತ್ನವನ್ನು ನಾನು ಮಾಡಲಿಲ್ಲ. ಶೆಡ್ಡಿನ ತಗಡನ್ನು ಎಷ್ಟೋ ಸಂಜೆ ನಿಂತು ನೋಡಿದೆ. ಹಿಡಿದು ಒಯ್ದರೆ ಆ ಡಬ್ಬಿಯ ಬೀಜದ ಮುಂದೆಯೇ ಬಿಡಬೇಕೆಂದು ಗೊತ್ತಿತ್ತು. ನನ್ನ ಹೆಂಡತಿ ಒಂದು ದಿನ, "ಅದ್ಯಾಕಂಗೆ ನಿಂತ್ಕಂಡಿದ್ದೀರ? ಜನ ಏನಂತಾರೆ, ಒಳಕ್ಕೆ ಬನ್ನಿ" ಎಂದಳು.

ಕೊನೆಗೆ ಅಕ್ಕನಿಗೆ ಫೋನು ಮಾಡಿದೆ. "ಆ ತೊಳೆದ ಬೀಜ ಹಾಕಬೇಡಕ್ಕ. ಅಂಗಡಿಯಿಂದ ಬೇರೆ ತಂದು ಹಾಕು."

"ಯಾಕ?"

ಬಾಯಿಗೆ ಬಂದದ್ದು ಹೇಳಿದೆ: "ಕೋಳಿ ತಿಂದಾವು."

ಅವಳು ಪೆದ್ದಿಯಲ್ಲ. "ನಾಕು ನೀರು ತೊಳದಿದ್ನಪ್ಪ" ಎಂದಳು. ಆಮೇಲೆ, "ತೊಳದ್ರ ಹೋಗತೈತಿ, ಅಲ್ಲೇನು?"

"ನನಗ ಗೊತ್ತಿಲ್ಲಕ್ಕ" ಎಂದೆ. ಆ ಹೊತ್ತಿಗೆ ಅದು ನಿಜವಾಗಿತ್ತು.

ಮರುದಿನ ಮಡಕಶಿರಾದ ಗೊಬ್ಬರ-ಔಷಧಿ ಅಂಗಡಿಯಲ್ಲಿ ವಿಚಾರಿಸಿದೆ. ಕೃಷಿ ಇಲಾಖೆಯಲ್ಲಿರುವ ಹಳೆಯ ಸಹಪಾಠಿಯನ್ನೂ ಕೇಳಿದೆ. ಬೇರೆ ಬೇರೆಯಾಗಿ ಕೇಳಿದರೂ ಇಬ್ಬರ ಉತ್ತರ ಒಂದೇ ಆಗಿತ್ತು: ಬಣ್ಣ ಹೋಗುತ್ತದೆ, ಬೀಜದೊಳಗೆ ಇಳಿದ ಔಷಧಿ ಎಷ್ಟು ನೀರಿನಲ್ಲಿ ತೊಳೆದರೂ ಪೂರ್ತಿ ಹೋಗುವುದಿಲ್ಲ.